ಶಾಸನ ದತ್ತಾಂಶದಲ್ಲಿ ಕಾಲಾಯಾಮದ ವಿನ್ಯಾಸ

ಶಾಸನಗಳ ಮಾಹಿತಿಯನ್ನು ಗಣಕಯಂತ್ರಕ್ಕೆ ಅಳವಡಿಸಿ, ಕಾಲ, ಪ್ರದೇಶ, ವಿಷಯಗಳ ದೃಷ್ಟಿಯಿಂದ ಏಕಕಾಲದಲ್ಲಿ ಎಣಿಸಲು ಅನುವು ಮಾಡಿಕೊಡುವ ವ್ಯವಸ್ಥೆಯನ್ನು ದತ್ತಾಂಶ ಘನ ಎನ್ನಬಹುದು. ಇಲ್ಲಿ ಒಂದೊಂದು ದೃಷ್ಟಿಯೂ ಒಂದು ಆಯಾಮ. ಆಯಾಮದೊಳಗಿನ ಹಂತಗಳ ಕ್ರಮವೇ ಶ್ರೇಣಿ. ಇವುಗಳಲ್ಲಿ ಕಾಲಾಯಾಮದ ರಚನೆ ಹೆಚ್ಚಿನ ಎಚ್ಚರವನ್ನು ಬೇಡುತ್ತದೆ.

ಕೆಳಹಂತದ ಪ್ರತಿಯೊಂದು ಘಟಕವೂ ಮೇಲಿನ ಹಂತದ ಒಂದೇ ಘಟಕಕ್ಕೆ ಸೇರಬೇಕೆಂಬುದು ಶ್ರೇಣಿಯ ಮೂಲನಿಯಮ. ತಿಥಿ, ಪಕ್ಷ, ಮಾಸ, ಶಕವರ್ಷ ಎಂಬ ಕ್ರಮ ಇದಕ್ಕೆ ಒಪ್ಪುತ್ತದೆ. ಆದರೆ ಶಕವರ್ಷವನ್ನು ಕ್ರಿಸ್ತವರ್ಷದ ಕೆಳಗೆ ಇರಿಸಲಾಗದು. ಚೈತ್ರದಲ್ಲಿ ಆರಂಭವಾಗುವ ಶಕವರ್ಷ ಎರಡು ಕ್ರಿಸ್ತವರ್ಷಗಳಲ್ಲಿ ಹರಡಿರುವುದರಿಂದ, ಗತವರ್ಷದ ಲೆಕ್ಕದಲ್ಲಿ ಡಿಸೆಂಬರ್ ಅಂತ್ಯದವರೆಗೆ 78ನ್ನೂ ಅನಂತರ 79ನ್ನೂ ಕೂಡಿಸಬೇಕಾಗುತ್ತದೆ. ಆದುದರಿಂದ ಇವೆರಡನ್ನೂ ದಿನದ ಹಂತದಲ್ಲಿ ಮಾತ್ರ ಸಂಧಿಸುವ ಪ್ರತ್ಯೇಕ ಶ್ರೇಣಿಗಳಾಗಿ ರಚಿಸುವುದು ಯುಕ್ತ. ಸಂವತ್ಸರದ ಹೆಸರುಗಳು 60 ವರ್ಷಗಳಿಗೊಮ್ಮೆ ಮರುಕಳಿಸುತ್ತವೆ. ಹೆಸರನ್ನಷ್ಟೇ ಗುರುತಾಗಿ ಬಳಸಿದರೆ ಬೇರೆ ಬೇರೆ ಕಾಲದ ಶಾಸನಗಳು ಒಂದೇ ಎಣಿಕೆಯಲ್ಲಿ ಬೆರೆತುಹೋಗುತ್ತವೆ.

ತೇದಿಯಿಲ್ಲದ ಶಾಸನಗಳದು ಇನ್ನೂ ಸೂಕ್ಷ್ಮವಾದ ಸಮಸ್ಯೆ. ಒಂದನೆಯ ಪುಲಕೇಶಿಯ ಬಾದಾಮಿ ಬಂಡೆಶಾಸನ ಶಕವರ್ಷ 465ನ್ನು, ಎಂದರೆ ಕ್ರಿ.ಶ. 543ನ್ನು, ಸ್ಪಷ್ಟವಾಗಿ ಹೇಳುತ್ತದೆ. ಹಲ್ಮಿಡಿ ಶಾಸನದಲ್ಲಿ ತೇದಿಯಿಲ್ಲ, ಕ್ರಿ.ಶ. ಸುಮಾರು 450 ಎಂಬುದು ವಿದ್ವಾಂಸರ ಊಹೆ. ವರ್ಷದ ಹಂತದಲ್ಲಿ 450 ಎಂದೇ ನಮೂದಿಸಿದರೆ ಊಹೆ ಸಂಗತಿಯಾಗಿಬಿಡುತ್ತದೆ. ಕೈಬಿಟ್ಟರೆ ಶತಮಾನದ ಮೊತ್ತ ತಪ್ಪುತ್ತದೆ. ಐದನೆಯ ಶತಮಾನದಡಿಯಲ್ಲಿ ‘ವರ್ಷ ಅನಿರ್ದಿಷ್ಟ’ ಎಂಬ ಘಟಕವನ್ನು ಕಲ್ಪಿಸಿದರೆ ಈ ಎರಡು ದೋಷಗಳೂ ತಪ್ಪುತ್ತವೆ.

ರಾಜ್ಯದ ಹೊರಗಿದ್ದು, ಮೂಲಶಿಲೆಯನ್ನು ನೋಡುವ ಅವಕಾಶ ವಿರಳವಾಗಿರುವ ಸಂಶೋಧಕರಿಗೆ ಕೋಷ್ಟಕವೇ ಆಧಾರ. ಅದರಲ್ಲಿ ಊಹೆ ಊಹೆಯಾಗಿಯೇ ಉಳಿಯುವುದು ಅವಶ್ಯ.