ಬರೆದವನೇ ಕೊಂದವನೇ?

ಹೆಸರಿಲ್ಲದ ತಪ್ಪೊಪ್ಪಿಗೆಯ ಪತ್ರ ದೊರೆತಾಗ, ಅದರ ಮಾತಿನಲ್ಲಿ ಕೊಲೆಗಾರನ ಮನಸ್ಸನ್ನು ಅರಸುವುದು ಸಹಜ. ಆದರೆ ಪತ್ರ ತೋರಿಸುವುದು ಬರೆದವನ ಮನಸ್ಸನ್ನು.

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ ಸ್ತ್ರೀಯರ ಕೊಲೆಗಳು ಒಂದರ ಮೇಲೊಂದು ನಡೆಯುತ್ತಿದ್ದಾಗ, 1978-79ರಲ್ಲಿ ಸಂಡರ್‌ಲೆಂಡ್ ಊರಿನಿಂದ ಮೂರು ಪತ್ರಗಳೂ ಒಂದು ಧ್ವನಿಸುರುಳಿಯೂ ಬಂದವು. ಕೊಂದವನು ತಾನೇ ಎಂಬ ಜಂಭ, ಪೊಲೀಸರನ್ನು ಕೆಣಕುವ ಧಾಟಿ, ಕೊನೆಗೆ ‘ಜಾಕ್ ದಿ ರಿಪ್ಪರ್’ ಎಂಬ ಸಹಿ. ಆ ಸಹಿ 1888ರ ಲಂಡನ್ನಿನ ಪತ್ರವೊಂದರಿಂದ ಎರವಲು ತಂದದ್ದು; ವಿವರಗಳು ವೃತ್ತಪತ್ರಿಕೆಗಳಲ್ಲಿಯೂ ಸಿಗುತ್ತಿದ್ದಂಥವು. ಅಂದರೆ, ಆತ ಬರೆದದ್ದು ತಾನು ಓದಿದ್ದನ್ನು.

ಪೊಲೀಸರಾದರೋ ಆ ಸೀಮೆಯ ಉಚ್ಚಾರಣೆಯವನನ್ನೇ ಹುಡುಕಿದರು. ನಿಜವಾದ ಹಂತಕ ಪೀಟರ್ ಸಟ್‌ಕ್ಲಿಫ್ ವಿಚಾರಣೆಗೊಳಗಾಗಿಯೂ ಪಾರಾದ. 1981ರಲ್ಲಿ ಅವನು ಸೆರೆಸಿಕ್ಕುವ ಮುನ್ನ, ಧ್ವನಿಸುರುಳಿ ಬಂದ ಬಳಿಕವೇ ಇನ್ನೂ ಮೂವರು ಸ್ತ್ರೀಯರು ಹತರಾಗಿದ್ದರು. ಲಕೋಟೆಯ ಅಂಟಿನಲ್ಲಿ ಉಳಿದಿದ್ದ ಎಂಜಲಿನಿಂದ ಪತ್ತೆಯಾದ ಪತ್ರಲೇಖಕನಿಗೆ 2006ರಲ್ಲಿ ಶಿಕ್ಷೆಯಾಯಿತು.

ಶೈಲಿ ಮನುಷ್ಯನನ್ನು ತೋರಿಸುತ್ತದೆ, ದಿಟ. ಯಾವ ಮನುಷ್ಯನನ್ನು ಎಂಬುದನ್ನು ಸಾಕ್ಷ್ಯವೇ ಹೇಳಬೇಕು.