ಸೋಮವಾರದ ಒಪ್ಪತ್ತು: ರಾತ್ರಿಯ ತಟ್ಟೆಗೆ ಬೆಳಗಿನ ತಿಂಡಿ

ಸಂಜೆಯ ಇಷ್ಟಲಿಂಗ ಪೂಜೆ ಮುಗಿಯುವ ಹೊತ್ತಿಗೆ ಅಡುಗೆಮನೆಯಿಂದ ರವೆ ಹುರಿಯುವ ಪರಿಮಳ ಬಂದರೆ, ಅಂದು ಸೋಮವಾರವೆಂದು ನಮ್ಮ ಮನೆಯ ಮಕ್ಕಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಉಳಿದ ಆರು ರಾತ್ರಿಗಳಲ್ಲಿ ರಾಗಿಮುದ್ದೆ, ಸಾರು, ಒಂದಿಷ್ಟು ಅನ್ನ. ಸೋಮವಾರದ ರಾತ್ರಿ ಮಾತ್ರ ಉಪ್ಪಿಟ್ಟು, ಅವಲಕ್ಕಿ ಅಥವಾ ದೋಸೆ. ಚಾಮರಾಜನಗರದ ನಮ್ಮ ಮನೆಯಲ್ಲಿಯೂ ಗುಂಡ್ಲುಪೇಟೆಯ ಕಡೆಯಿದ್ದ ನಮ್ಮ ಅಜ್ಜಿಯ ತವರಿನಲ್ಲಿಯೂ ಇದೇ ಪದ್ಧತಿ.

ಬೆಂಗಳೂರಿನಿಂದ ಬಂದ ಹೊಸ ಸೊಸೆಗೆ ಇದು ಸೋಜಿಗವಾಯಿತು. "ಅಜ್ಜಿ, ಬೆಳಗಿನ ತಿಂಡಿಯನ್ನು ರಾತ್ರಿ ಏಕೆ ಮಾಡುತ್ತೀರಿ?" ಎಂದು ಕೇಳಿದಳು. ಅಜ್ಜಿ ನಕ್ಕು, "ಅದನ್ನ ಬೆಳಗಿನದು ಅಂತ ಹೆಸರಿಟ್ಟವರು ಯಾರವ್ವ?" ಎಂದರು.

ಅಜ್ಜಿಯ ಆ ಮಾತಿನಲ್ಲಿ ಸತ್ಯವಿದೆ. ಒಪ್ಪತ್ತು ಎಂದರೆ ಒಂದು ಹೊತ್ತು. ಅಂದು ಅನ್ನದ ಊಟ ಒಂದೇ ಸಲ. ಇನ್ನೊಂದು ಹೊತ್ತಿಗೆ ಉಪಾಹಾರ. ಕೆಲವು ಮನೆಗಳಲ್ಲಿ ಹಗಲು ಉಪಾಹಾರ ಸೇವಿಸಿ, ರಾತ್ರಿ ಪೂಜೆಯ ನಂತರ ಊಟ ಮಾಡುವುದೂ ಉಂಟು. ಬೇಯಿಸಿದ ಅನ್ನ 'ಊಟ'ವೆನಿಸಿದರೆ, ಹುರಿದ ರವೆಯ ಉಪ್ಪಿಟ್ಟು, ನೆನೆಸಿ ಒಗ್ಗರಿಸಿದ ಅವಲಕ್ಕಿ 'ತಿಂಡಿ'ಯೆನಿಸುತ್ತವೆ. ಈ ವಿವೇಚನೆ ಪದಾರ್ಥವನ್ನು ಕುರಿತದ್ದೇ ಹೊರತು ಗಡಿಯಾರವನ್ನು ಕುರಿತದ್ದಲ್ಲ. ಸೋಮವಾರ ಶಿವನ ದಿನ, ಬಸವಣ್ಣನ ದಿನವೆಂದು ನಮ್ಮ ಹಳ್ಳಿಗಳಲ್ಲಿ ಎತ್ತಿನ ಹೆಗಲಿಗೆ ನೊಗವಿಡುತ್ತಿರಲಿಲ್ಲ. ಎತ್ತಿಗೆ ವಿಶ್ರಾಂತಿಯೆಂದರೆ ರೈತನಿಗೂ ವಿಶ್ರಾಂತಿ. ದುಡಿಮೆ ತಗ್ಗಿದ ದಿನ ರಾತ್ರಿಯ ಆಹಾರವೂ ಹಗುರವಾಗಲೆಂಬ ಈ ಹೊಂದಿಕೆ ಎಷ್ಟು ಸಹಜವಾದುದು!

ಇತಿಹಾಸವನ್ನು ನೋಡಿದರೂ ಈ ತಿಂಡಿಗಳಿಗೆ ಬೆಳಗಿನ ಕಟ್ಟುಪಾಡಿಲ್ಲ. 'ಇಡ್ಡಲಿಗೆ'ಯ ಹೆಸರು ಹತ್ತನೆಯ ಶತಮಾನದ 'ವಡ್ಡಾರಾಧನೆ'ಯಲ್ಲಿಯೇ ದೊರೆಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ದಲ್ಲಿ ದೋಸೆಯ ಪ್ರಸ್ತಾಪವಿದೆ. ನಮ್ಮ ರಾಗಿ, ಜೋಳದ ಸೀಮೆಯಲ್ಲಾದರೋ ಬೆಳಗ್ಗೆ ಹೊಲಕ್ಕೆ ಹೊರಡುವವರಿಗೆ ರೊಟ್ಟಿ ಅಥವಾ ರಾತ್ರಿ ಉಳಿದ ತಂಗಳು ಮುದ್ದೆ, ಮಜ್ಜಿಗೆಯೇ ಆಹಾರ. ದೋಸೆ, ಕಡುಬು, ಒತ್ತು ಶ್ಯಾವಿಗೆಗಳು ಹಬ್ಬಕ್ಕೆ, ನೆಂಟರಿಗೆ, ಒಪ್ಪತ್ತಿಗೆ ಮೀಸಲು. ಶಾಲೆ, ಕಚೇರಿಗಳ ವೇಳೆಯೂ ಕಾಫಿಯ ರೂಢಿಯೂ ಹೋಟೆಲುಗಳೂ ಬಂದ ಮೇಲೆ ಇವು ಬೆಳಗಿನ ತಿಂಡಿಗಳಾದವು. ಆದ್ದರಿಂದ ನಾವು ಬೆಳಗಿನದನ್ನು ರಾತ್ರಿಗೆ ತಂದವರಲ್ಲ, ರಾತ್ರಿಯದನ್ನು ಕೈಬಿಡದವರು.

ಆದರೆ ಪದ್ಧತಿಯನ್ನು ಉಳಿಸಿಕೊಂಡ ಹೆಮ್ಮೆಯಲ್ಲಿ ಅದರ ಉದ್ದೇಶವನ್ನು ನಾವು ಮರೆತೆವೆಂಬುದನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ಒಂದು ಬೋಗುಣಿ ಉಪ್ಪಿಟ್ಟಿನಲ್ಲಿ ಮುಗಿಯುತ್ತಿದ್ದ ಒಪ್ಪತ್ತು ಕ್ರಮೇಣ ಹಬ್ಬದೂಟವನ್ನೂ ಮೀರಿಸತೊಡಗಿತು. ಒಮ್ಮೆ ಕಾರ್ತಿಕ ಮಾಸದ ಕಡೆಯ ಸೋಮವಾರ ಮನೆ ತುಂಬ ನೆಂಟರು. ದೋಸೆ, ಎರಡು ಬಗೆಯ ಚಟ್ನಿ, ಒತ್ತು ಶ್ಯಾವಿಗೆ, ಕಾಯಿಹಾಲು, ಕೇಸರಿಬಾತು, ಬಜ್ಜಿ. ಒಲೆಯ ಮುಂದೆ ಸಂಜೆ ನಾಲ್ಕರಿಂದ ನಿಂತವರು ನಮ್ಮ ಅವ್ವ. ಎಲ್ಲರೂ ತಿಂದು ಕೈ ತೊಳೆದಾಗ ಹಿಟ್ಟು ಮುಗಿದಿತ್ತು, ಗಂಟೆ ಹತ್ತಾಗಿತ್ತು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಅವರು ವಾಡಿಕೆಯಂತೆ ಎಂಟು ಗಂಟೆಗೇ ನುಂಗಿದ್ದರು. ಹೊಟ್ಟೆಗೆ ಮಾತ್ರ ಏನೂ ಬಿದ್ದಿರಲಿಲ್ಲ. ಮೈಯೆಲ್ಲ ಬೆವರಿ, ಕೈ ನಡುಗಿ, ಗೋಡೆಗೊರಗಿ ಕುಸಿದರು. ಸಕ್ಕರೆ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡರು. ಮಾತ್ರೆ ತೆಗೆದುಕೊಂಡು ಆಹಾರ ತಡಮಾಡಿದ್ದರಿಂದ ರಕ್ತದ ಸಕ್ಕರೆ ಇಳಿದಿತ್ತೆಂದು ಮರುದಿನ ವೈದ್ಯರು ತಿಳಿಸಿದರು.

"ಬಡಿಸುವವಳು ಕೊನೆಗೆ ಉಣ್ಣಬೇಕಲ್ಲವೇ, ಅದೇ ದಾಸೋಹ" ಎಂದು ಅವ್ವ ಸಮಾಧಾನ ಹೇಳಹೊರಟರು. ಅಜ್ಜಿ ಒಪ್ಪಲಿಲ್ಲ. "ದಾಸೋಹದಲ್ಲಿ ಬಡಿಸೋರಿಗೂ ಪ್ರಸಾದದ ಪಾಲುಂಟು. ನಾವೆಲ್ಲ ತಿಂದೆವು, ವ್ರತ ಮಾಡಿದವಳು ನೀನೊಬ್ಬಳೇ" ಎಂದರು. ಮನೆಯ ಗಂಡಸರು ತಲೆ ತಗ್ಗಿಸಿದೆವು.

ಅಂದಿನಿಂದ ನಮ್ಮ ಮನೆಯಲ್ಲಿ ಕಟ್ಟಳೆ ಬದಲಾಯಿತು. ಸೋಮವಾರ ರಾತ್ರಿ ಒಂದೇ ತಿಂಡಿ. ತೆಂಗಿನಕಾಯಿ ತುರಿಯುವುದು, ಈರುಳ್ಳಿ ಹೆಚ್ಚುವುದು, ಪಾತ್ರೆ ತೊಳೆಯುವುದು ಗಂಡಸರ ಮತ್ತು ಮಕ್ಕಳ ಪಾಲಿನ ಕೆಲಸ. ಏಳೂವರೆಗೆ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಬೇಕು. ಮಾಡಿದವರು ಮೊದಲ ಪಂಕ್ತಿಯಲ್ಲಿಯೇ ಕುಳಿತುಕೊಳ್ಳಬೇಕು. ಅವ್ವನ ತಟ್ಟೆಯಲ್ಲಿ ಉಪ್ಪಿಟ್ಟು ಸ್ವಲ್ಪ, ತರಕಾರಿ, ಕಾಳುಗಳ ಪಲ್ಯ ಹೆಚ್ಚು. ಅನ್ನ ಬಿಟ್ಟೆವೆಂದ ಮಾತ್ರಕ್ಕೆ ರವೆ, ಅವಲಕ್ಕಿಗಳು ಸಕ್ಕರೆ ಕಾಯಿಲೆಯವರಿಗೆ ನಿರಪಾಯವೆಂದು ಭಾವಿಸಲಾಗದು; ಅವು ಕೂಡ ಪಿಷ್ಟವೇ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು, ಹೊತ್ತು ಮೀರಿಸಲೂಬಾರದು.

ಆಚರಣೆಯ ಹೊರಕವಚಕ್ಕಿಂತ ಅದರೊಳಗಿನ ಅರಿವು ದೊಡ್ಡದೆಂದು ಬೋಧಿಸಿದವರು ನಮ್ಮ ಶರಣರು. ಅನ್ನವನ್ನು ಬಿಟ್ಟು ನಾಲ್ಕು ಬಗೆಯ ತಿಂಡಿಗೆ ನಾಲಗೆ ಚಾಚಿದರೆ ಅದು ನಿಗ್ರಹವಾದೀತೇ? ಮನೆಯವರೆಲ್ಲರ ವ್ರತದ ಭಾರವನ್ನು ಒಬ್ಬ ಹೆಣ್ಣುಮಗಳ ಬೆನ್ನಿಗೆ ಹೇರಿದರೆ ಅದು ಭಕ್ತಿಯಾದೀತೇ? ಓದುಗ ಬಂಧುಗಳು ತಮ್ಮ ಮನೆಯ ಮಟ್ಟಿಗೆ ಯೋಚಿಸಿ ನೋಡಬೇಕೆಂದು ನಮ್ಮ ವಿನಂತಿ.

ಈಗಲೂ ಸೋಮವಾರ ಸಂಜೆ ನಮ್ಮ ಮನೆಯಲ್ಲಿ ರವೆ ಹುರಿಯುವ ಪರಿಮಳವಿದೆ. ಬೆಂಗಳೂರಿಗೆ ಮರಳಿದ ಸೊಸೆಯೂ ಅಲ್ಲಿ ಒಪ್ಪತ್ತನ್ನು ಪಾಲಿಸುತ್ತಿದ್ದಾಳೆ. ಕೆಲಸದಿಂದ ಅವಳು ಬರುವುದು ತಡವಾದರೆ ಅಂದಿನ ಉಪ್ಪಿಟ್ಟು ನಮ್ಮ ಮಗನ ಕೈಯದು. ನೀರು ತುಸು ಹೆಚ್ಚಾಗಿರುತ್ತದೆಂದು ಅವಳ ದೂರು. ಎಲ್ಲರೂ ಕೂಡಿ ತಿನ್ನುವ ಉಪ್ಪಿಟ್ಟಿಗೆ ಆ ದೋಷವೊಂದು ದೋಷವಲ್ಲವೆಂದು ಅಜ್ಜಿಯ ತೀರ್ಪು.