ಆಣೆ, ಆಮಿಷ ಮತ್ತು ಹೆಣ್ಣಿನ ನಿಲುವು: ‘ಸಂಕಮ್ಮನ ಸಾಲು’ ಹಾಗೂ ‘ಎಡಕಲ್ಲು ಗುಡ್ಡದ ಮೇಲೆ’

ದಾಂಪತ್ಯದೊಳಗಿನ ಆಮಿಷ ಹಾಗೂ ಬೆದರಿಕೆಗಳನ್ನು ವಸ್ತುವಾಗುಳ್ಳ ಕಥನಗಳು ಆಧುನಿಕ ನಗರಜೀವನದ ಸೃಷ್ಟಿಗಳೆಂದು ಭಾವಿಸುವುದುಂಟು. 1970ರ ದಶಕದ ಇಟಲಿಯ ವಯಸ್ಕರ ಚಲನಚಿತ್ರಗಳು ಇದಕ್ಕೆ ಸುಲಭದ ನಿದರ್ಶನಗಳಾಗಿ ಒದಗುತ್ತವೆ. ಆದರೆ ಚಾಮರಾಜನಗರ ಸೀಮೆಯ ಮೌಖಿಕ ಪರಂಪರೆಯು ಈ ವಸ್ತುವನ್ನು ತನ್ನದೇ ಆದ ಕ್ರಮದಲ್ಲಿ ಬಹುಹಿಂದಿನಿಂದಲೂ ಶೋಧಿಸುತ್ತ ಬಂದಿದೆ.

ಕಂಸಾಳೆಯ ಕಲಾವಿದರಾದ ದೇವರಗುಡ್ಡರು ಹಾಡುವ ಮಲೆಮಹದೇಶ್ವರ ಮಹಾಕಾವ್ಯದ ಪ್ರಮುಖ ಭಾಗಗಳಲ್ಲಿ ‘ಸಂಕಮ್ಮನ ಸಾಲು’ ಒಂದು. ಮಕ್ಕಳಿಲ್ಲದ ಸಂಕಮ್ಮನ ಗಂಡ ನೀಲಯ್ಯ ಕಾಡಿಗೆ ಹೊರಡುವ ಮುನ್ನ, ತಾನು ಮರಳುವವರೆಗೂ ಶೀಲ ಕೆಡದಂತೆ ಇರುವುದಾಗಿ ಬಲಗೈ ಭಾಷೆ ಕೊಡುವಂತೆ ಆಕೆಯನ್ನು ಒತ್ತಾಯಿಸುತ್ತಾನೆ. ಆಕೆ ಒಪ್ಪುವುದಿಲ್ಲ. ನೀಲಯ್ಯ ಆಕೆಯನ್ನು ಹಿಂಸಿಸಿ, ಗುಡಿಸಲಿನಲ್ಲಿ ಬಂಧಿಸಿ ಹೊರಟುಹೋಗುತ್ತಾನೆ. ಮೊರೆಯನ್ನು ಕೇಳಿ ಬಂದ ಮಾದಪ್ಪ ಆಕೆಯನ್ನು ಬಿಡಿಸಿ, ಮಕ್ಕಳ ವರ ನೀಡುತ್ತಾನೆ. ಹುಟ್ಟಿದವರು ಕಾರಯ್ಯ, ಬಿಲ್ಲಯ್ಯ ಎಂಬ ಅವಳಿಗಳು. ಹಿಂತಿರುಗಿದ ಗಂಡನ ಸಂಶಯದಿಂದಾಗಿ ಸಂಕಮ್ಮ ಸತ್ಯಪರೀಕ್ಷೆಗೂ ಒಳಗಾಗಬೇಕಾಗುತ್ತದೆ.

ಇಲ್ಲಿ ಭಾಷೆಯ ಸ್ವರೂಪವನ್ನು ಸೂಕ್ಷ್ಮವಾಗಿ ಗಮನಿಸಬೇಕು. ಭಾಷೆ ಕೊಟ್ಟರೆ ಸಂಶಯಕ್ಕೆ ಆಸ್ಪದವಿದೆಯೆಂದು ಒಪ್ಪಿದಂತಾಗುತ್ತದೆ. ಕೊಡದಿದ್ದರೆ ಆ ನಿರಾಕರಣೆಯೇ ತಪ್ಪಿಗೆ ಸಾಕ್ಷಿಯಾಗುತ್ತದೆ. ಎರಡು ದಾರಿಗಳಲ್ಲಿಯೂ ಸೋಲನ್ನೇ ಇರಿಸಿ ಆಯ್ಕೆಯ ಭ್ರಮೆಯನ್ನು ಹುಟ್ಟಿಸುವುದು ಬೆದರಿಕೆಯ ಮೂಲತಂತ್ರ. ನೀಲಯ್ಯನ ಕೈಯಲ್ಲಿ ಆಣೆಯು ನಂಬಿಕೆಯ ಕುರುಹಾಗಿ ಉಳಿಯದೆ ಹಿಡಿತದ ಸಾಧನವಾಗುತ್ತದೆ. ಸಂಕಮ್ಮ ಪ್ರತಿಭಟಿಸುವುದು ಶೀಲದ ಕಲ್ಪನೆಯನ್ನಲ್ಲ, ಅದಕ್ಕೆ ಜಾಮೀನು ಕೇಳುವ ಅಧಿಕಾರವನ್ನು. ಆದ್ದರಿಂದ ಈ ಸಾಲನ್ನು ಪಾತಿವ್ರತ್ಯದ ಸ್ತುತಿಯೆಂದಷ್ಟೇ ಓದುವುದು ಅಪೂರ್ಣವಾದೀತು.

ಚಾಮರಾಜನಗರದಿಂದ ಪಶ್ಚಿಮಕ್ಕೆ ಸಾಗಿ, ಗುಂಡ್ಲುಪೇಟೆಯನ್ನು ದಾಟಿ, ಬಂಡೀಪುರದ ಅರಣ್ಯದ ಮೂಲಕ ವಯನಾಡನ್ನು ಸೇರಿದರೆ ಎಡಕಲ್ಲು ಸಿಗುತ್ತದೆ. ಪ್ರಾಚೀನ ಶಿಲಾಕೆತ್ತನೆಗಳಿಗೆ ಹೆಸರಾದ ಈ ಗುಡ್ಡವನ್ನು ಕನ್ನಡಿಗರ ಮನಸ್ಸಿನಲ್ಲಿ ನೆಲೆಗೊಳಿಸಿದ್ದು ಭಾರತೀಸುತರ ಕಾದಂಬರಿ ಹಾಗೂ ಅದನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1973ರಲ್ಲಿ ನಿರ್ದೇಶಿಸಿದ ‘ಎಡಕಲ್ಲು ಗುಡ್ಡದ ಮೇಲೆ’ ಚಲನಚಿತ್ರ. ಜಯಂತಿ ಅಭಿನಯಿಸಿದ ಮಾಧವಿಯ ಗಂಡ ಯುದ್ಧದಲ್ಲಿ ಗಾಯಗೊಂಡು ದಾಂಪತ್ಯಸುಖಕ್ಕೆ ಅಸಮರ್ಥನಾದವನು. ಚಂದ್ರಶೇಖರ್ ಅಭಿನಯಿಸಿದ ತರುಣನತ್ತ ಮಾಧವಿ ಆಕರ್ಷಿತಳಾಗುತ್ತಾಳೆ.

ಈ ಎರಡು ಕಥನಗಳು ಒಂದೇ ಪ್ರಶ್ನೆಯನ್ನು ಎರಡು ತುದಿಗಳಿಂದ ಎದುರಿಸುತ್ತವೆ. ಸಂಕಮ್ಮನಲ್ಲಿ ಇಲ್ಲದ ಆಸೆಯನ್ನು ಗಂಡ ಆರೋಪಿಸುತ್ತಾನೆ. ಮಾಧವಿಯಲ್ಲಿ ಇರುವ ಆಸೆಗೆ ಮಾತಿನ ಅವಕಾಶವಿಲ್ಲ. ಮೊದಲನೆಯದರಲ್ಲಿ ಕಾವಲು ಗುಡಿಸಲಿನ ಹೊರಗಿದ್ದರೆ, ಎರಡನೆಯದರಲ್ಲಿ ಅದು ಹೆಣ್ಣಿನ ಮನಸ್ಸಿನೊಳಗೇ ನೆಲೆಸಿದೆ. ಆಮಿಷವನ್ನು ಎದುರುಗೊಳ್ಳುವವಳು ಮಾಧವಿ, ಬೆದರಿಕೆಯನ್ನು ಎದುರುಗೊಳ್ಳುವವಳು ಸಂಕಮ್ಮ. ಆದರೂ ಇಬ್ಬರನ್ನೂ ಅಳೆಯುವ ಅಳತೆಗೋಲು ಒಂದೇ.

ಹಾಗೆಂದು ಜನಪದ ಕಾವ್ಯವನ್ನು ಸಂಪೂರ್ಣ ಸ್ತ್ರೀಪರವೆಂದು ಘೋಷಿಸುವುದೂ ಆತುರದ ತೀರ್ಮಾನವೇ. ಸಂಕಮ್ಮನ ಮಾತು ಮಾತಾಗಿಯೇ ಅಂಗೀಕೃತವಾಗುವುದಿಲ್ಲ. ಅದಕ್ಕೆ ದೈವದ ಆಸರೆ ಬೇಕು, ಪರೀಕ್ಷೆಯ ಮುದ್ರೆ ಬೇಕು. ಆಧುನಿಕ ಕಥನದ ಮಾಧವಿಗಾದರೋ ಬಂಧನ ಬಿಡಿಸಲು ಮಾದಪ್ಪನೂ ಬರುವುದಿಲ್ಲ. ಆದರೆ ಆಣೆಯಿಡಲು ಒಲ್ಲೆನೆಂದ ಸಂಕಮ್ಮನ ಒಂದು ಮಾತು ಮಾತ್ರ ವರಕ್ಕೂ ಪರೀಕ್ಷೆಗೂ ಮೊದಲಿನದು. ಯಾವ ದೈವದ ನೆರವೂ ಇಲ್ಲದ ಹೊತ್ತಿನಲ್ಲಿ ಆಡಿದ್ದು. ಗುಡ್ಡರ ಕೊರಳಿನಲ್ಲಿ ಆ ನಿರಾಕರಣೆ ಇಂದಿಗೂ ಉಳಿದುಬಂದಿರುವುದು ಈ ಸೀಮೆಯ ಮೌಖಿಕ ಪರಂಪರೆಯ ಬಹುಮುಖ್ಯ ಸಾಂಸ್ಕೃತಿಕ ಸಾಧನೆಯಾಗಿದೆ.